ನೂರೈವತ್ತು ರೂಪಾಯಿಯ ವಿಜಯಪುರ

1854ರಲ್ಲಿ ವಿಜಯಪುರದ ಮಾಮಲೇದಾರರಿಗೆ ಸಾತಾರಾದಿಂದ ಒಂದು ಹುಕುಂ ಬಂತು. ಸಾತಾರಾ ಸಂಸ್ಥಾನವನ್ನು ಕಂಪನಿ ಸರ್ಕಾರ ನುಂಗಿ ಆಗ ಆರು ವರ್ಷ; ಅದರ ಜೊತೆಗೆ ವಿಜಯಪುರವೂ ಕಂಪನಿಯ ಕೈಸೇರಿತ್ತು. ಊರಿನಲ್ಲಿ ಉಪಯೋಗವಿಲ್ಲದೆ ಬಿದ್ದಿರುವ ಸರ್ಕಾರಿ ಸಾಮಾನುಗಳನ್ನೆಲ್ಲ ಹರಾಜು ಹಾಕಿ ಎಂಬುದು ಹುಕುಮಿನ ಸಾರ. ಆ ಸಾಮಾನುಗಳ ಪಟ್ಟಿಯಲ್ಲಿ ಕೋಟೆಯ ಪಶ್ಚಿಮದ ಬುರುಜಿನ ಮೇಲೆ ಕೂತಿದ್ದ ಮಲಿಕ್-ಎ-ಮೈದಾನ್ ತೋಪೂ ಸೇರಿತು. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದದ್ದು, ನಾಲ್ಕು ಮೀಟರಿಗೂ ಹೆಚ್ಚು ಉದ್ದ, ಸುಮಾರು 55 ಟನ್ ತೂಕ. ಹರಾಜಿನಲ್ಲಿ ಅದಕ್ಕೆ ಬಂದ ಅತಿ ಹೆಚ್ಚಿನ ಕೂಗು 150 ರೂಪಾಯಿ. ಬೆಲೆ ತೀರ ಕಡಿಮೆಯಾಯಿತು, ಮೇಲಾಗಿ ಊರ ಜನಕ್ಕೆ ಈ ತೋಪಿನ ಮೇಲೆ ಪ್ರೀತಿಯಿದೆ ಎಂದು ಅಧಿಕಾರಿಗಳಿಗೆ ಅನಿಸಿತು. ಹರಾಜು ರದ್ದಾಯಿತು.

ಈ ಸಂಗತಿಯನ್ನು ನಾನು ಓದಿದ್ದು ಬಹಳ ಹಿಂದೆ. ಅದು ಮತ್ತೆ ನೆನಪಾದದ್ದು ಕಳೆದ ಚಳಿಗಾಲದ ಒಂದು ಬೆಳಿಗ್ಗೆ, ಗೋಳಗುಮ್ಮಟದ ಟಿಕೆಟ್ ಕಿಟಕಿಯ ಮುಂದೆ. ಅವ್ವ, ಸೋದರತ್ತೆ, ಅಣ್ಣ, ವೈನಿ, ನಾನು, ನನ್ನ ಹೆಂಡತಿ: ದೊಡ್ಡವರು ಆರು ಜನ. ತಲೆಗೆ 25 ರೂಪಾಯಿಯಂತೆ 150. ಹದಿನೈದು ವರ್ಷದೊಳಗಿನ ಮಕ್ಕಳಿಗೆ ದುಡ್ಡಿಲ್ಲ, ಹಾಗಾಗಿ ನನ್ನ ಮಗಳೂ ಅಣ್ಣನ ಮಗನೂ ಪುಕ್ಕಟೆ. ಒಂದು ಕಾಲಕ್ಕೆ ಜಗತ್ತಿನ ದೊಡ್ಡ ತೋಪುಗಳಲ್ಲಿ ಒಂದನ್ನು ಮಾರಲು ಹೊರಟ ಬೆಲೆಗೆ ನಾವು ಒಂದು ಗುಮ್ಮಟದೊಳಗೆ ಹೋಗುತ್ತಿದ್ದೆವು. ರೂಪಾಯಿಯ ಬೆಲೆ ಆಗಿನದಲ್ಲ ಎಂಬುದು ನನಗೂ ಗೊತ್ತು. ಆದರೂ ಅಂಕಿ ಒಂದೇ ಆದದ್ದು ತಮಾಷೆಯಾಗಿ ಕಂಡಿತು. ಅವ್ವನಿಗೆ ಹೇಳಿದೆ. ಅವಳು, "ತೋಪು ತಗೊಂಡು ಏನ್ ಮಾಡಾಂವ ಇದ್ದನೋ ಯಪ್ಪಾ ಅಂವಾ? ಒಯ್ಯಾಕ ಎತ್ತಿನ ಬಾಡಿಗಿನ ಅದಕ್ಕಿಂತ ಜಾಸ್ತಿ ಆಗತಿತ್ತು" ಅಂದಳು. ಹರಾಜಿನ ಕೂಗು ಅಷ್ಟು ಕಡಿಮೆ ಬಂದದ್ದೇಕೆ ಎಂಬುದಕ್ಕೆ ಇದಕ್ಕಿಂತ ನೇರವಾದ ವಿವರಣೆಯನ್ನು ನಾನು ಯಾವ ಪುಸ್ತಕದಲ್ಲೂ ಕಂಡಿಲ್ಲ.

ನಮ್ಮದು ಇಂಡಿ ಕಡೆಯ ಹಳ್ಳಿ. ನನ್ನ ಬಾಲ್ಯದಲ್ಲಿ "ಊರು ನೋಡಾಕ ಹೋಗೂದು" ಅಂದರೆ ವಿಜಯಪುರಕ್ಕೆ ಹೋಗುವುದು, ಅದೂ ವರ್ಷಕ್ಕೆ ಒಂದು ಸಲ, ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಗೆ. ಖರ್ಚು ಬಸ್ಸಿನದಷ್ಟೇ. ರೊಟ್ಟಿ, ಶೇಂಗಾ ಚಟ್ನಿ ಮನೆಯಿಂದ. ಜಾತ್ರೆಯಲ್ಲಿ ದನಗಳನ್ನು ನೋಡುವುದು, ನಂದಿಧ್ವಜ ನೋಡುವುದು, ರಾತ್ರಿ ಮದ್ದು ಸುಡುವುದನ್ನು ನೋಡುವುದು. ನೋಡುವುದಕ್ಕೆ ದುಡ್ಡಿರಲಿಲ್ಲ. ಈ ಊರನ್ನು ಸಂಸಾರ ಸಮೇತ ಕೈಯಲ್ಲಿ ದುಡ್ಡಿಲ್ಲದೆ ನೋಡಬಹುದು ಎಂಬ ಸಂಗತಿಗೆ ಒಂದು ಇತಿಹಾಸವಿದೆ ಎಂದು ಆಗ ನನಗೆ ಹೊಳೆದಿರಲಿಲ್ಲ.

ಅಸದ್ ಬೇಗ್ ಎಂಬ ಮೊಗಲ್ ಅಧಿಕಾರಿಯನ್ನು ಅಕ್ಬರ್ ತನ್ನ ಆಳ್ವಿಕೆಯ ಕೊನೆಯಲ್ಲಿ ವಿಜಯಪುರಕ್ಕೆ ಕಳುಹಿಸಿದ್ದ. ಎರಡನೆಯ ಇಬ್ರಾಹಿಂ ಆದಿಲಶಾಹಿಯ ಕಾಲ ಅದು. ಅಸದ್ ಬೇಗ್ ಬರೆದಿಟ್ಟ ವೃತ್ತಾಂತದಲ್ಲಿ ಪೇಟೆಯ ವರ್ಣನೆಯಿದೆ. ಮೂವತ್ತು ಗಜ ಅಗಲ, ಎರಡು ಕೋಸು ಉದ್ದದ ಬೀದಿ, ಪ್ರತಿ ಅಂಗಡಿಯ ಮುಂದೆ ಒಂದು ಹಸಿರು ಮರ, ಎಲ್ಲೆಲ್ಲೂ ಸ್ವಚ್ಛ. ಜವಾಹಿರಿ ಅಂಗಡಿ, ಬಟ್ಟೆಯ ಅಂಗಡಿ, ಅತ್ತರಿನ ಅಂಗಡಿ, ಮದಿರೆಯ ಅಂಗಡಿ, ಒಂದರ ಪಕ್ಕ ಒಂದು. ಆತ ಇಲ್ಲಿ ಕಂಡ ತಂಬಾಕನ್ನು ಅಕ್ಬರನಿಗೆ ಒಯ್ದು ಒಪ್ಪಿಸಿದ ಕಥೆಯೂ ಅದೇ ವೃತ್ತಾಂತದಲ್ಲಿದೆ. ಆಸ್ಥಾನಗಳನ್ನು ಕಂಡು ಹಳಗಿದ ಆ ಮನುಷ್ಯನನ್ನು ಬೆರಗುಗೊಳಿಸಿದ್ದು ಅರಮನೆಗಿಂತ ಹೆಚ್ಚಾಗಿ ಬೀದಿ ಎಂಬುದು ನನಗೆ ಇಷ್ಟವಾದ ಸಂಗತಿ. ಬೀದಿ ಯಾರಪ್ಪನ ಆಸ್ತಿಯೂ ಅಲ್ಲ. ಕೊಳ್ಳುವವನು ಕೊಳ್ಳಲಿ, ಕೊಳ್ಳದವನೂ ಮರದ ನೆರಳಲ್ಲಿ ನಡೆದು ಕಣ್ಣು ತುಂಬಿಕೊಂಡು ಹೋಗಬಹುದು. ಅಲ್ಲಿ ಸಂಜೆಗೆ ಮಕ್ಕಳ ಕೈಹಿಡಿದು ತಿರುಗಿದ ನೇಕಾರರು, ಕಲ್ಲುಕುಟಿಗರು ಇದ್ದೇ ಇರಬೇಕು. ಅವರ ಬಗ್ಗೆ ಅಸದ್ ಬೇಗ್ ಬರೆಯಲಿಲ್ಲ, ಬರೆಯುವ ಕಾರಣವೂ ಅವನಿಗಿರಲಿಲ್ಲ.

ಆ ಊರು 1686ರ ಸೆಪ್ಟೆಂಬರಿನಲ್ಲಿ ಔರಂಗಜೇಬನ ವಶವಾಯಿತು. ಸುಮಾರು ಎರಡು ವರ್ಷದ ಮೇಲೆ ಮಹಾಮಾರಿ ಬಂದು ಪೇಟೆ, ಪಾಳೆಯ ಎನ್ನದೆ ಜನ ಸತ್ತರು. ಬಾದಶಹನ ಬೇಗಮಳೊಬ್ಬಳೂ ಅದರಲ್ಲಿ ತೀರಿಕೊಂಡಳು. ಮುಂದಿನ ಒಂದೂವರೆ ಶತಮಾನದಲ್ಲಿ ಊರು ಕುಗ್ಗಿ, ಮಹಲುಗಳ ನಡುವೆ ಜಾಲಿ ಬೆಳೆಯಿತು. ವಿಜಯಪುರದ ಪುಕ್ಕಟೆ ಜಾಗಗಳೆಲ್ಲ ಹುಟ್ಟಿದ್ದು ಹೀಗೆ: ಕಾಯುವವರು ಸತ್ತ ಮೇಲೆ. ಆದಿಲಶಾಹಿಗಳ ಕಾಲದಲ್ಲಿ ಸಾಮಾನ್ಯನೊಬ್ಬ ಗಗನ ಮಹಲಿನ ಕಮಾನಿನ ಕೆಳಗೆ ಬುತ್ತಿ ಬಿಚ್ಚಿ ಕೂರುವುದು ಸಾಧ್ಯವಿತ್ತೇ?

ಗೋಳಗುಮ್ಮಟಕ್ಕೆ ನಸುಕಿನಲ್ಲೇ ಹೋಗಬೇಕು. ಹೊತ್ತೇರಿದರೆ ಶಾಲೆಯ ಪ್ರವಾಸದ ಬಸ್ಸುಗಳು ಬರುತ್ತವೆ, ಆಮೇಲೆ ಪಿಸುಮಾತಿನ ಗ್ಯಾಲರಿಯಲ್ಲಿ ಪಿಸುಮಾತು ಬಿಟ್ಟು ಉಳಿದೆಲ್ಲ ಕೇಳುತ್ತದೆ. ಮೂಲೆಯ ಏಳು ಅಂತಸ್ತಿನ ಗೋಪುರದ ಇಕ್ಕಟ್ಟಾದ ಮೆಟ್ಟಿಲು ನೂರಕ್ಕೂ ಹೆಚ್ಚು. ಅತ್ತೆ ಎರಡನೆಯ ಅಂತಸ್ತಿನಲ್ಲೇ, "ನಾ ಇಲ್ಲೇ ಕುಂದರ್ತೀನಿ, ನೀವು ಹೋಗಿ ಬರ್ರಿ" ಎಂದು ಕಿಟಕಿಯ ಗಾಳಿಗೆ ಕೂತರು. ಅವ್ವ ಮಾತ್ರ ಮಂಡಿ ಹಿಡಿದುಕೊಂಡೇ ಮೇಲೆ ಬಂದಳು.

ಈ ಗ್ಯಾಲರಿಯನ್ನು ಮಕ್ಕಳಿಗೆ ವಿವರಿಸುವಾಗ ಗೈಡುಗಳು ಸಾಮಾನ್ಯವಾಗಿ ಬಾದಶಹ ಮತ್ತು ರಂಭೆಯ ಕಥೆ ಹೇಳುತ್ತಾರೆ. ನನಗೆ ಕಟ್ಟಡದ ಕಥೆಯೇ ಹೆಚ್ಚು ರುಚಿ. ಕೆಳಗಿನ ಚೌಕದ ಒಂದೊಂದು ಬದಿ ಒಳಗಡೆ ಸುಮಾರು 41 ಮೀಟರ್. ನಡುವೆ ಒಂದು ಕಂಬವೂ ಇಲ್ಲ. ಚೌಕದ ಮೇಲೆ ದುಂಡನೆಯ ಗುಮ್ಮಟ ಕೂರಿಸಬೇಕು. ಕಟ್ಟಿದವರು ಎರಡು ಚೌಕಗಳನ್ನು ಒಂದರ ಮೇಲೊಂದು ತಿರುಗಿಸಿಟ್ಟಂತೆ ಎಂಟು ಕಮಾನುಗಳನ್ನು ಒಂದಕ್ಕೊಂದು ಹೆಣೆದು, ಚೌಕವನ್ನು ಒಳಕ್ಕೆ ಬಾಗಿಸುತ್ತಾ ವೃತ್ತ ಮಾಡಿದರು. ಹಾಗೆ ಒಳಕ್ಕೆ ಚಾಚಿದ ಭಾಗದ ಮೇಲೆ, ಗುಮ್ಮಟದ ಗೋಡೆಯ ಒಳಬದಿಗೆ, ಮೂರೂ ಕಾಲು ಮೀಟರಿಗೂ ತುಸು ಹೆಚ್ಚು ಅಗಲದ ಜಗಲಿಯೊಂದು ಉಳಿಯಿತು. ಅದೇ ಗ್ಯಾಲರಿ, ನೆಲದಿಂದ ಸುಮಾರು 33 ಮೀಟರ್ ಎತ್ತರದಲ್ಲಿ. ಗುಮ್ಮಟದ ಭಾರ ಗೋಡೆಗಳನ್ನು ಹೊರಕ್ಕೆ ತಳ್ಳುತ್ತದೆ. ಈ ಚಾಚಿನ ಭಾರ ಒಳಕ್ಕೆ ಎಳೆಯುತ್ತದೆ. ಎರಡೂ ಒಂದನ್ನೊಂದು ಹಿಡಿದು ನಿಲ್ಲಿಸುತ್ತವೆ ಎಂದು ಹತ್ತೊಂಬತ್ತನೆಯ ಶತಮಾನದಲ್ಲಿ ಜೇಮ್ಸ್ ಫರ್ಗ್ಯುಸನ್ ವಿವರಿಸಿದ. ಎಂದರೆ, ನಮ್ಮ ಭಾಗದ ಮೂರು ತಲೆಮಾರಿನ ಮಕ್ಕಳು ಕೂಗಿ ಆಡಿದ ಈ ಆಟದ ಜಾಗ, ಗುಮ್ಮಟ ಬೀಳದಿರಲೆಂದು ಮಾಡಿದ ಉಪಾಯದ ಉಳಿಕೆ. ಮಹಮ್ಮದ್ ಆದಿಲಶಾಹಿ ತನ್ನ ಗೋರಿಯ ಮೇಲೆ ಮಕ್ಕಳು ಕೇಕೆ ಹಾಕಲಿ ಎಂದು ಬಯಸಿರಲಾರ.

ಮಗಳನ್ನು ಈಚೆ ಗೋಡೆಗೆ ಕಿವಿ ಹಚ್ಚಿ ನಿಲ್ಲಿಸಿ ನಾನು ಆಚೆ ಬದಿಗೆ ಹೋದೆ. ನಡುವೆ ಸುಮಾರು 38 ಮೀಟರ್. ಗೋಡೆಗೆ ಬಾಯಿ ಹಚ್ಚಿ, "ಶೇಂಗಾ ಹೋಳಿಗಿ ಬೇಕೇನು?" ಎಂದು ಪಿಸುಗುಟ್ಟಿದೆ. ದನಿ ಬಾಗಿದ ಗೋಡೆಗುಂಟ ಹರಿದು ಹೋಗುತ್ತದೆ, ನೇರ ಗಾಳಿಯಲ್ಲಿ ಹೋಗುವ ದನಿಯಂತೆ ಚದುರುವುದಿಲ್ಲ. ಆಚೆಯಿಂದ ಉತ್ತರ ಬಂತು: "ಎರಡು." ಚಪ್ಪಾಳೆ ತಟ್ಟಿದರೆ ಪ್ರತಿಧ್ವನಿ ಏಳು ಸಲ ಎನ್ನುವವರಿದ್ದಾರೆ, ಹತ್ತು ಎನ್ನುವವರಿದ್ದಾರೆ. ಆರು ವರ್ಷದ ಅಣ್ಣನ ಮಗ ನಡುವೆ ನಡುವೆ ತಾನೂ ತಟ್ಟುತ್ತಿದ್ದುದರಿಂದ ನಮ್ಮ ಎಣಿಕೆ ಅಲ್ಲಿಗೇ ನಿಂತಿತು.

ಅವ್ವ ಗ್ಯಾಲರಿಯ ಅಂಚಿಗೆ ಬಂದು ಕೆಳಗಿನ ಗೋರಿಗಳನ್ನು ನೋಡಿ ಸೆರಗು ತಲೆಯ ಮೇಲೆ ಎಳೆದುಕೊಂಡಳು. "ಸತ್ತವರ ತಲಿ ಮ್ಯಾಲ ಹಿಂಗ ಒದರಬಾರದು" ಎಂದು ಮಕ್ಕಳನ್ನು ಗದರಿದಳು. ಐದು ನಿಮಿಷದ ಮೇಲೆ ತಾನೇ ಗೋಡೆಗೆ ಕಿವಿ ಹಚ್ಚಿ, "ಏನೂ ಕೇಳವಲ್ತು, ಏನರ ಅನ್ನು" ಎಂದಳು.

ಗುಮ್ಮಟದ ಪಶ್ಚಿಮಕ್ಕೆ ಒಂದು ಮಸೀದಿಯಿದೆ. ಕಲಾದಗಿಯಲ್ಲಿದ್ದ ಜಿಲ್ಲಾ ಕೇಂದ್ರವನ್ನು 1885ರಲ್ಲಿ ಬ್ರಿಟಿಷರು ವಿಜಯಪುರಕ್ಕೆ ತಂದಾಗ ಅಧಿಕಾರಿಗಳಿಗೆ ಕಚೇರಿ, ಮನೆ ಬೇಕಾದವು. ಹೊಸದಾಗಿ ಕಟ್ಟುವುದಕ್ಕಿಂತ ಹಳೆಯದರಲ್ಲಿ ಹೊಕ್ಕುವುದು ಅಗ್ಗ. ಮಹಲುಗಳು ಬಂಗಲೆಗಳಾದವು; ಈ ಮಸೀದಿ ಪ್ರವಾಸಿ ಬಂಗಲೆಯಾಯಿತು; ಪೇಟೆಯ ಇನ್ನೊಂದು ಮಸೀದಿಯಲ್ಲಿ ಅಂಚೆ ಕಚೇರಿ ಕೂತಿತು. ಮಿಹ್ರಾಬಿನ ಮುಂದೆ ಸಾಹೇಬರು ಊಟಕ್ಕೆ ಕೂರುತ್ತಿದ್ದರೇನೋ. 1900ರ ಫೆಬ್ರವರಿಯಲ್ಲಿ ವೈಸರಾಯ್ ಕರ್ಜನ್ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ಮಾಡಿದ ಭಾಷಣದಲ್ಲಿ, ವಿಜಯಪುರದ ಒಂದು ಮಸೀದಿಯಿಂದ ಡಾಕ್ ಬಂಗಲೆಯನ್ನೂ ಇನ್ನೊಂದರಿಂದ ಅಂಚೆ ಕಚೇರಿಯನ್ನೂ ಹೊರಹಾಕಿಸಿದ್ದನ್ನು ತನ್ನ ಕೆಲಸಗಳ ಸಾಲಿನಲ್ಲಿ ಹೇಳಿಕೊಂಡ. ಕರ್ಜನ್ ಬಗ್ಗೆ ನನಗೆ ಪ್ರೀತಿಯಿಲ್ಲ, ಬಂಗಾಳವನ್ನು ಒಡೆದವನು. ಆದರೆ ಇದೊಂದಕ್ಕೆ ಅವನ ಹೆಸರು ಹೇಳಲೇಬೇಕು. ಇಂದು ಅದೇ ಮಸೀದಿಯ ಮುಂದಿನ ಹುಲ್ಲುಹಾಸಿನ ಮೇಲೆ ಹಳ್ಳಿಯಿಂದ ಬಂದವರು ಕಾಲು ಚಾಚಿ ಕೂರುವುದಕ್ಕೆ ಆ ತೆರವಿನ ಕೆಲಸ ಮೊದಲ ಕಾರಣ. ಎರಡನೆಯ ಕಾರಣ ಬೇಲಿ ಮತ್ತು ಟಿಕೆಟ್. ಬೇಲಿ ಬಂದ ಮೇಲೆ ಗುಮ್ಮಟ ಉಳಿಯಿತು, ತೋಟ ಬೆಳೆಯಿತು. ದಿನಗೂಲಿಯ ಸಂಸಾರವೊಂದಕ್ಕೆ 150 ರೂಪಾಯಿ ಅರ್ಧ ದಿನದ ದುಡಿಮೆಯಾಗಬಹುದು ಎಂಬುದೂ ಅಷ್ಟೇ ನಿಜ. ಏಪ್ರಿಲ್ 18ರ ಪರಂಪರೆ ದಿನದಂದು ಟಿಕೆಟ್ ಕೇಳದ ವರ್ಷಗಳುಂಟು. ಮಾರ್ಚ್ 8ರಂದು ಹೆಂಗಸರಿಗೆ ಬಿಟ್ಟದ್ದೂ ಉಂಟು. ಇಂಥ ದಿನಗಳು ಹಳ್ಳಿಯವರೆಗೆ ಸುದ್ದಿಯಾಗಿ ತಲುಪುವುದು ಕಡಿಮೆ.

ಅಲ್ಲಿಂದ ಮುಂದೆ ನಾವು ಕಿಸೆಗೆ ಕೈ ಹಾಕಿದ್ದು ಕಡಿಮೆ. ಜುಮ್ಮಾ ಮಸೀದಿಗೆ ಚಪ್ಪಲಿ ಬಿಟ್ಟು ಒಳಗೆ ಹೋದರೆ ಸಾಕು. ತಾಳಿಕೋಟೆ ಯುದ್ಧ ಮುಗಿದು ಹತ್ತು ವರ್ಷದ ಸುಮಾರಿಗೆ ಮೊದಲನೆಯ ಅಲಿ ಆದಿಲಶಾಹಿ ಶುರುಮಾಡಿದ ಕಟ್ಟಡ. ನೆಲದ ಮೇಲೆ ಒಬ್ಬೊಬ್ಬರಿಗೆ ಒಂದೊಂದರಂತೆ 2250 ಚೌಕಗಳನ್ನು ಗುರುತಿಸಲಾಗಿದೆ. ಔರಂಗಜೇಬ ಇಲ್ಲಿನ ಜಮಖಾನೆಗಳನ್ನು ಒಯ್ದು ಅದರ ಬದಲಿಗೆ ಗೆರೆ ಎಳೆಸಿದ ಎಂದು ಊರವರು ಹೇಳುತ್ತಾರೆ. ಮಕ್ಕಳು ಒಂದು ಸಾಲು ಎಣಿಸಿದರು, ಸಾಲುಗಳನ್ನು ಎಣಿಸಿದರು, ಗುಣಾಕಾರದಲ್ಲಿ ಜಗಳಾಡಿದರು. ಒಳಗೆ ಕೂತಿದ್ದ ಹಿರಿಯರೊಬ್ಬರು ಜಗಳ ಬಿಡಿಸಿ ಇಬ್ಬರ ಕೈಗೂ ಒಂದೊಂದು ಖರ್ಜೂರ ಇಟ್ಟರು.

ಆಸಾರ್ ಮಹಲಿನ ಮುಂದೆ ಹೊಂಡವಿದೆ. ಎತ್ತರದ ನಾಲ್ಕು ಮರದ ಕಂಬಗಳ ಪಡಸಾಲೆ ಅದರ ನೀರಿಗೆ ಮುಖ ಮಾಡಿ ನಿಂತಿದೆ. ಮಹಮ್ಮದ್ ಆದಿಲಶಾಹಿ 1646ರ ಸುಮಾರಿಗೆ ಇದನ್ನು ನ್ಯಾಯದಾನದ ಮನೆಯೆಂದು ಕಟ್ಟಿಸಿದ್ದು. ಆಮೇಲೆ ಪ್ರವಾದಿಯವರ ಕೇಶಗಳನ್ನು ಇಲ್ಲಿ ಇರಿಸಿದ್ದರಿಂದ ಪವಿತ್ರ ಸ್ಥಳವಾಯಿತು. ಹೆಂಗಸರಿಗೆ ಒಳಗೆ ಪ್ರವೇಶವಿಲ್ಲ. ನಮ್ಮ ಗುಂಪು ಇಲ್ಲಿ ಎರಡಾಗಬೇಕಾಯಿತು. ಅಣ್ಣ, ನಾನು, ಅವನ ಮಗ ಒಳಗೆ ಹೋಗಬಹುದಿತ್ತು. ಮಗಳು ಕೇಳಿದಳು, "ನಾ ಯಾಕ ಹೋಗಬಾರದು?" ನನ್ನ ಹೆಂಡತಿ ನನ್ನ ಮುಖ ನೋಡಿದಳು, ಉತ್ತರ ಹೇಳುವ ಸರದಿ ನನ್ನದೆಂಬಂತೆ. ದುಡ್ಡಿಲ್ಲದ ಬಾಗಿಲೆಲ್ಲ ತೆರೆದ ಬಾಗಿಲಲ್ಲ ಎಂದು ಒಂಬತ್ತು ವರ್ಷದವಳಿಗೆ ಹೇಗೆ ಹೇಳುವುದು? ನಮ್ಮ ಕಡೆಯ ಗುಡಿಗಳ ಗರ್ಭಗುಡಿಗಳ ನೆನಪಾಗಿ, ಬೇರೆಯವರ ಬಾಗಿಲಿನ ಬಗ್ಗೆ ಮಾತಾಡುವ ಮೊದಲು ನಮ್ಮ ಹೊಸ್ತಿಲು ನೋಡಿಕೊಳ್ಳಬೇಕೆನಿಸಿತು. ಯಾರೂ ಒಳಗೆ ಹೋಗಲಿಲ್ಲ. ಹೊಂಡದ ಕಟ್ಟೆಯ ಮೇಲೆ ಎಲ್ಲರೂ ಸ್ವಲ್ಪ ಹೊತ್ತು ಕೂತೆವು. ಮಗಳಿಗೆ ಸಮಾಧಾನವಾಗಲಿಲ್ಲ, ಆಗಬೇಕೆಂದು ನಾನೂ ಒತ್ತಾಯಿಸಲಿಲ್ಲ.

ಬುತ್ತಿ ಬಿಚ್ಚಿದ್ದು ಗಗನ ಮಹಲಿನ ತೋಟದಲ್ಲಿ. 1561ರ ಕಟ್ಟಡ, ನಡುವಿನ ಕಮಾನಿನ ಅಗಲವೇ ಹದಿನೆಂಟು ಮೀಟರಿಗೂ ಹೆಚ್ಚು. ಮೇಲಿನ ಚಾವಣಿ ಎಂದೋ ಹೋಗಿದೆ. ಕೊನೆಯ ಸುಲ್ತಾನ ಸಿಕಂದರನನ್ನು, ಆಗ ಇನ್ನೂ ಹದಿನೆಂಟು ದಾಟದ ಹುಡುಗ, ಬೆಳ್ಳಿಯ ಸಂಕೋಲೆಯಲ್ಲಿ ಔರಂಗಜೇಬನ ಮುಂದೆ ತಂದು ನಿಲ್ಲಿಸಿದ್ದು ಇಲ್ಲೇ ಎನ್ನುತ್ತಾರೆ. ಅದೇ ಜಾಗದಲ್ಲಿ ಅತ್ತೆ ಖಡಕ್ ರೊಟ್ಟಿ ಮುರಿದು ಮೊಸರಿನಲ್ಲಿ ನೆನೆಹಾಕಿದರು. ಸಿಕಂದರನ ಕಥೆ ಕೇಳಿದ ಮೇಲೆ ಅವರು ಒಂದೇ ಮಾತು ಕೇಳಿದ್ದು: "ಅವನ ಅವ್ವ ಇದ್ದಳೇನು ಆವಾಗ?" ನನಗೆ ಹೇಳಲು ಬರಲಿಲ್ಲ.

ಮಧ್ಯಾಹ್ನದ ಮೇಲೆ ಟಾಂಗಾ ಹಿಡಿದು ಪಶ್ಚಿಮಕ್ಕೆ ಹೊರಟೆವು. ವಿಜಯಪುರದ ಟಾಂಗಾ ಈಗ ಮುಕ್ಕಾಲು ಪ್ರವಾಸಿಗಳಿಗಾಗಿಯೇ ಉಳಿದಿದೆ, ಬಾಡಿಗೆ ಕುದುರಿಸಿಯೇ ಹತ್ತಬೇಕು. ಎಂಟು ಜನಕ್ಕೆ ಎರಡು ಟಾಂಗಾ ಬೇಕಾದವು. ದಾರಿಯಲ್ಲಿ ಅಣ್ಣ ಫ.ಗು. ಹಳಕಟ್ಟಿಯವರ ಮಾತು ತೆಗೆದ. ಇದೇ ಊರಲ್ಲಿ ವಕೀಲಿಕೆ ಮಾಡುತ್ತಾ, ಮನೆಮನೆ ತಿರುಗಿ ತಾಳೆಗರಿ ಕೂಡಿಸಿ, 1923ರಲ್ಲಿ 'ವಚನಶಾಸ್ತ್ರಸಾರ' ತಂದವರು. ಮುದ್ರಣಾಲಯಕ್ಕಾಗಿ ಇದ್ದ ಮನೆಯನ್ನೂ ಮಾರಿದವರು. ಆಸ್ತಿ ಕಳೆದುಕೊಂಡು ಊರಿಗೆ ಪುಕ್ಕಟೆ ಹಂಚಿದ ಮನುಷ್ಯ ಎಂದ ಅಣ್ಣ. ನಾನು ಮಾತು ಮುಂದುವರಿಸುವಷ್ಟರಲ್ಲಿ ಮಕ್ಕಳಿಗೆ ಕುದುರೆಯ ತಲೆಯ ಮೇಲಿನ ತುರಾಯಿಯೇ ದೊಡ್ಡದಾಗಿತ್ತು.

ತಾಜ್ ಬಾವಡಿಯ ಬಗ್ಗೆ ನಿಧಾನವಾಗಿ ಹೇಳಬೇಕು.

ಕೃಷ್ಣೆ ಒಂದು ಕಡೆ, ಭೀಮೆ ಇನ್ನೊಂದು ಕಡೆ ಹರಿಯುತ್ತವೆ. ಊರಿಗೆ ಹತ್ತಿರ ಎರಡೂ ಇಲ್ಲ. ಮಳೆ ಕಡಿಮೆ. ಇಂಥ ಕರಿಗಲ್ಲಿನ ಬಯಲಲ್ಲಿ ರಾಜಧಾನಿ ನಡೆಸಬೇಕೆಂದರೆ ಅರಮನೆಗಿಂತ ಮೊದಲು ನೀರು. ಮೊದಲನೆಯ ಅಲಿ ಆದಿಲಶಾಹಿಯ ಕಾಲದಲ್ಲಿ ಪಶ್ಚಿಮದ ತೊರವೆಯಿಂದ ನೆಲದೊಳಗಿನ ಸುರಂಗದಲ್ಲಿ ನೀರು ತಂದರು. ನರಸಿಂಹನಿರುವ ಆ ತೊರವೆ, 'ತೊರವೆ ರಾಮಾಯಣ' ಬರೆದ ಕುಮಾರ ವಾಲ್ಮೀಕಿಯ ತೊರವೆಯೇ. ಎರಡನೆಯ ಇಬ್ರಾಹಿಂ ನವರಸಪುರವೆಂಬ ಹೊಸ ಊರು ಕಟ್ಟಲು ಹೊರಟದ್ದೂ ಅದರ ಮಗ್ಗುಲಲ್ಲಿ. 1651ರಲ್ಲಿ ಮಹಮ್ಮದ್ ಆದಿಲಶಾಹಿ ದಕ್ಷಿಣಕ್ಕೆ ಬೇಗಂ ತಲಾಬ್ ಕಟ್ಟಿಸಿದ. ಅಲ್ಲಿಂದ ಸುಟ್ಟ ಮಣ್ಣಿನ ಕೊಳವೆಗಳನ್ನು ಗಾರೆಯಲ್ಲಿ ಹುದುಗಿಸಿ ಊರೊಳಗೆ ಎಳೆದರು. ಕೊಳವೆಯಲ್ಲಿ ನೀರಿನ ಒತ್ತಡ ಏರಿದರೆ ಮಣ್ಣು ಒಡೆಯುತ್ತದೆ. ಅದಕ್ಕೆ ನಡುನಡುವೆ ಗಂಜ್ ಎಂಬ ಕಲ್ಲಿನ ಗೋಪುರಗಳು. ನೀರು ಅಲ್ಲಿ ಏರಿ ಒತ್ತಡ ಇಳಿಸಿ, ಕೆಸರನ್ನು ಕೆಳಗೆ ಬಿಟ್ಟು ಮುಂದೆ ಸಾಗುತ್ತಿತ್ತು. ಇಂಥ ಗಂಜ್‌ಗಳು ಈಗಲೂ ಬೀದಿಗಳ ನಡುವೆ ನಿಂತಿವೆ, ಅದೇನೆಂದು ಕೇಳುವವರಿಲ್ಲದೆ.

ಕೆರೆ, ಕೊಳವೆಗಳ ಜೊತೆಗೆ ಬಾವಡಿಗಳು. 1579ರಲ್ಲಿ ಅಲಿ ತನ್ನ ಹೆಂಡತಿ ಚಾಂದ್ ಬೀಬಿಯ ಹೆಸರಲ್ಲಿ ಚಾಂದ್ ಬಾವಡಿ ಕಟ್ಟಿಸಿದ. 1620ರಲ್ಲಿ ಇಬ್ರಾಹಿಮನ ರಾಣಿ ತಾಜ್ ಸುಲ್ತಾನಾ ಹೆಸರಲ್ಲಿ ತಾಜ್ ಬಾವಡಿ. ಎರಡು ಎಂಟುಮೂಲೆಯ ಗೋಪುರಗಳ ನಡುವೆ ಹತ್ತು ಮೀಟರಿಗೂ ಅಗಲದ ಕಮಾನು. ಅದರ ಕೆಳಗಿಂದ ಮೆಟ್ಟಿಲು ಇಳಿದರೆ ಬದಿಯೊಂದಕ್ಕೆ ಸುಮಾರು 68 ಮೀಟರ್ ಇರುವ ಚೌಕದ ಕೊಳ. ಅದರ ಪೂರ್ವ ಪಶ್ಚಿಮದ ಸಾಲುಗಳು ದಾರಿಹೋಕರಿಗೆ ತಂಗುದಾಣವಾಗಿದ್ದವು. ಮಕ್ಕಾ ದರವಾಜೆಯಿಂದ ಊರೊಳಗೆ ಬಂದ ಸಂಸಾರವೊಂದು ಎತ್ತು ಬಿಚ್ಚಿ, ನೀರು ಕುಡಿದು, ಮೈ ತೊಳೆದು, ನೆರಳಲ್ಲಿ ಮಲಗಿ, ಮಾರನೆಯ ದಿನ ಪೇಟೆಗೆ ಹೋಗುವಂತೆ ಇಡೀ ರಚನೆಯಿದೆ. ಗೋಳಗುಮ್ಮಟ ಸತ್ತವನಿಗಾಗಿ, ಗಗನ ಮಹಲು ಆಳುವವನಿಗಾಗಿ. ಹೆಸರೇ ಗೊತ್ತಿಲ್ಲದ ಜನರ ಸಲುವಾಗಿ ಇಷ್ಟು ದೊಡ್ಡದಾಗಿ, ಇಷ್ಟು ಚಂದವಾಗಿ ಕಟ್ಟಿದ್ದು ಈ ಊರಲ್ಲಿ ಬಾವಡಿಗಳನ್ನೇ. ನನ್ನನ್ನು ಕೇಳಿದರೆ ವಿಜಯಪುರದ ದೊಡ್ಡ ಕಟ್ಟಡ ಇದು.

ನಾನು ಹುಡುಗನಾಗಿದ್ದಾಗ ಕಂಡ ತಾಜ್ ಬಾವಡಿ ಬೇರೆ. ಮನೆಮನೆಗೆ ನಲ್ಲಿ ಬಂದ ಮೇಲೆ ಕೊಡ ಹೊತ್ತು ಬರುವವರು ನಿಂತರು. ಬರುವವರು ನಿಂತ ಜಾಗಕ್ಕೆ ಕಸ ಬರತೊಡಗಿತು. ನೀರು ಹಸಿರುಗಟ್ಟಿ, ಪ್ಲಾಸ್ಟಿಕ್ ತೇಲಿ, ಮೆಟ್ಟಿಲ ಮೇಲೆ ಕಾಲಿಡಲು ಹೇಸಿಕೆಯಾಗುತ್ತಿತ್ತು. ಅಪ್ಪ ಆಗ ನನ್ನ ಕೈಹಿಡಿದು ಕಮಾನಿನಿಂದಲೇ ವಾಪಸು ಕರೆದೊಯ್ದದ್ದು ನೆನಪಿದೆ. "ಇಲ್ಲಿ ನಮ್ಮ ಮುತ್ಯಾ ಎತ್ತಿಗೆ ನೀರು ಕುಡಿಸ್ತಿದ್ದ" ಎಂದಷ್ಟೇ ಹೇಳಿದ್ದ. ಕಳೆದ ದಶಕದ ನಡುವಿನಲ್ಲಿ ಊರಿನ ಬಾವಡಿಗಳ ಹೂಳು ತೆಗೆಸುವ ಕೆಲಸ ನಡೆಯಿತು. ತಾಜ್ ಬಾವಡಿಯಿಂದ ಲಾರಿಗಟ್ಟಲೆ ಕೆಸರು ಹೋಯಿತು, ತಳದ ಕಲ್ಲು ಕಂಡಿತು, ಮತ್ತೆ ನೀರು ನಿಂತಿತು. ಅಪ್ಪ ಅದನ್ನು ನೋಡಲು ಇರಲಿಲ್ಲ.

ಹಳೆಯ ಜಾಗಗಳನ್ನು ಉಳಿಸಲು ಜನರನ್ನು ದೂರ ಇಡಬೇಕು ಎನ್ನುವ ವಾದವನ್ನು ಕೇಳಿದಾಗಲೆಲ್ಲ ನನಗೆ ಈ ಬಾವಡಿ ನೆನಪಾಗುತ್ತದೆ. ಗೋಡೆಯ ಮೇಲೆ ಹೆಸರು ಕೆತ್ತುವವರಿದ್ದಾರೆ, ಗ್ಯಾಲರಿಯಲ್ಲಿ ಗುಟ್ಕಾ ಉಗುಳುವವರಿದ್ದಾರೆ. ಅವರನ್ನು ದೂರ ಇಟ್ಟರೆ ನನ್ನದೇನೂ ತಕರಾರಿಲ್ಲ. ಆದರೆ ಬಾವಡಿ ಮುನ್ನೂರು ವರ್ಷ ಬಾಳಿದ್ದು ದಿನಾ ನೂರು ಕೊಡ ಅದರಲ್ಲಿ ಮುಳುಗುತ್ತಿದ್ದಾಗ. ಹಾಳಾದದ್ದು ಯಾರೂ ಬಾರದ ಮೂವತ್ತು ನಲವತ್ತು ವರ್ಷದಲ್ಲಿ. ಹೂಳು ಎತ್ತಿದ ಮೇಲೂ ನಾವು ಹೋದ ದಿನ ಅಲ್ಲಿ ನಮ್ಮನ್ನು ಬಿಟ್ಟರೆ ಇದ್ದವರು ಮೂವರು ಹುಡುಗರು, ಒಂದು ಮೇಕೆ. ನೀರಿನ ಮೂಲೆಯಲ್ಲಿ ಚಿಪ್ಸಿನ ಪಾಕೀಟುಗಳು ಆಗಲೇ ಕೂಡತೊಡಗಿದ್ದವು. ಅವ್ವ ಮೆಟ್ಟಿಲ ಮೇಲೆ ಕೂತು, ಮಗ್ಗುಲಲ್ಲಿದ್ದ ಎರಡು ಪಾಕೀಟುಗಳನ್ನು ಹೆಕ್ಕಿ ಬುತ್ತಿಯ ಚೀಲಕ್ಕೆ ತುರುಕಿದಳು.

ಉಪ್ಪಲಿ ಬುರುಜಿಗೆ ಬರುವಷ್ಟರಲ್ಲಿ ಬಿಸಿಲು ಇಳಿದಿತ್ತು. 1584ರ ಸುಮಾರಿಗೆ ಹೈದರ್ ಖಾನ್ ಎಂಬ ಸರದಾರ ಕಟ್ಟಿಸಿದ್ದು; ಕೋಟೆಗೋಡೆಗೆ ಅಂಟಿಕೊಳ್ಳದೆ ಒಂಟಿಯಾಗಿ ಸುಮಾರು 24 ಮೀಟರ್ ಎದ್ದಿದೆ. ಮೆಟ್ಟಿಲು ಹೊರಮೈಗೆ ಬಳ್ಳಿಯಂತೆ ಸುತ್ತಿಕೊಂಡಿದೆ. ಎಣಿಸುತ್ತಾ ಹತ್ತಿದ ಮಕ್ಕಳಿಬ್ಬರ ಲೆಕ್ಕವೂ ತಾಳೆಯಾಗಲಿಲ್ಲ. ಇಳಿಯುವಾಗ ಮತ್ತೆ ಎಣಿಸುವುದೆಂದು ತೀರ್ಮಾನವಾಯಿತು. ಮೇಲೆ ಉದ್ದನೆಯ ಎರಡು ತೋಪುಗಳು, ಒಂದರ ಉದ್ದ ಒಂಬತ್ತು ಮೀಟರಿಗೂ ಹೆಚ್ಚು. ಸುತ್ತ ಇಡೀ ಊರು: ಪೂರ್ವಕ್ಕೆ ಬೆಳಿಗ್ಗೆ ಹತ್ತಿದ ಗುಮ್ಮಟ, ಪಶ್ಚಿಮಕ್ಕೆ ಇಬ್ರಾಹಿಂ ರೋಜಾದ ಮಿನಾರುಗಳು, ನಡುವೆ ಮುಗಿಯದ ಬಾರಾ ಕಮಾನಿನ ಕರಿಯ ಎಲುಬುಗಳು. 1672ರಲ್ಲಿ ಎರಡನೆಯ ಅಲಿ ತೀರಿಕೊಂಡಾಗ ಅವನ ಗೋರಿಯ ಮನೆ ಅಲ್ಲಿಗೇ ನಿಂತಿತು. ಹತ್ತು ಕಿಲೋಮೀಟರ್ ಸುತ್ತಳತೆಯ ಕೋಟೆಗೋಡೆ ಮನೆಗಳ ನಡುವೆ ಒಮ್ಮೆ ಕಂಡು ಒಮ್ಮೆ ಮರೆಯಾಗುತ್ತದೆ. ಶತ್ರುವನ್ನು ಎಷ್ಟು ದೂರದಿಂದ ಕಾಣಬಹುದೆಂದು ಕಟ್ಟಿದ ಬುರುಜಿನ ಮೇಲೆ ಅಣ್ಣನ ಮಗ ಹುಡುಕಿದ್ದು ನಮ್ಮೂರ ಬಸ್ಸನ್ನು. ರೋಜಾಕ್ಕೆ ಮತ್ತೊಂದು 150 ಬೇಕು. ಅದನ್ನು ಇನ್ನೊಂದು ವರ್ಷಕ್ಕಿಟ್ಟೆವು. ಮಲಿಕ್ ಸಂದಲ್ ಕಟ್ಟಿದ ಆ ಗೋರಿಯ ಕಲ್ಲಿನ ಜಾಲಂಧರಗಳಿಗೆ ಒಂದು ಇಡೀ ಬೆಳಿಗ್ಗೆಯಾದರೂ ಬೇಕು.

ಕೊನೆಗೆ ಅದೇ ತೋಪು. ಮೆಟ್ಟಿಲು ಹತ್ತಿ ಬುರುಜಿನ ಮೇಲೆ ಹೋಗಬೇಕು, ಟಿಕೆಟ್ ಇಲ್ಲ. ಬಾಯಿಯ ಸುತ್ತ ತೆರೆದ ದವಡೆಯ ಮೃಗ, ಹಲ್ಲಿನ ನಡುವೆ ಸಿಕ್ಕ ಆನೆ. ಮೈಮೇಲೆ ಎರಕದವನ ಹೆಸರಿದೆ, ಊರನ್ನು ಗೆದ್ದೆನೆಂದು ಔರಂಗಜೇಬ ಕೆತ್ತಿಸಿದ ಬರಹವೂ ಇದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿಗೆ ಬಂದ ಇಂಗ್ಲಿಷರು, ಜನ ಇದಕ್ಕೆ ಎಣ್ಣೆ, ಸಿಂಧೂರ ಹಚ್ಚಿ ಹೂವೇರಿಸುವುದನ್ನು ಕಂಡು ನಕ್ಕು ಬರೆದಿದ್ದಾರೆ. 1854ರ ಹರಾಜು ನಿಂತದ್ದರಲ್ಲಿ ಈ ಎಣ್ಣೆ ಸಿಂಧೂರದ ಪಾಲೂ ಇದೆ ಎಂಬುದನ್ನು ಆ ನಗು ಮರೆಯುತ್ತದೆ. ಯಾರೋ ದಿನಾ ಹತ್ತಿ ಬಂದು ಮುಟ್ಟುತ್ತಿದ್ದರು, ಆದ್ದರಿಂದ ಅದು ಬರೀ ಗುಜರಿಯಾಗಲಿಲ್ಲ.

ಮಗಳು ಬೆರಳ ಗೆಣ್ಣಿನಿಂದ ತೋಪಿನ ಮೈಗೆ ಬಡಿದಳು. ಗಂಟೆಯಂತೆ ಸಣ್ಣಗೆ ನಾದ ಬಂತು. ದಿನವಿಡೀ ಬಿಸಿಲಲ್ಲಿದ್ದರೂ ಲೋಹ ತಂಪಾಗಿತ್ತು. ತೋಪಿಗೆ ಕೈಮುಟ್ಟಿ ಮನಸ್ಸಿನಲ್ಲಿ ಬೇಡಿಕೊಂಡರೆ ಆಗುತ್ತದೆಂದು ಅಲ್ಲಿ ಚುರುಮುರಿ ಮಾರುತ್ತಿದ್ದವನು ಹೇಳಿದ. ಅವ್ವ ಎರಡೂ ಅಂಗೈ ಊರಿ ಕಣ್ಣುಮುಚ್ಚಿ ನಿಂತಳು. ಏನು ಬೇಡಿಕೊಂಡೆ ಎಂದು ಮಕ್ಕಳು ಪೀಡಿಸಿದರೂ ಹೇಳಲಿಲ್ಲ. ಬಸ್ ಸ್ಟ್ಯಾಂಡಿಗೆ ನಡೆಯುವಾಗ ಆ ದಿನದ ಲೆಕ್ಕ ಕೇಳಿದಳು. ಟಿಕೆಟ್ 150, ಟಾಂಗಾ, ಚುರುಮುರಿ, ಮಿರ್ಚಿ ಭಜಿ ಎಂದು ಅಣ್ಣ ಒಂದೊಂದಾಗಿ ಹೇಳಿದ. ಅವ್ವ ಟಾಂಗಾದ್ದು ಜಾಸ್ತಿಯಾಯಿತೆಂದು ಬಸ್ಸು ಬರುವವರೆಗೂ ಗೊಣಗಿದಳು.